ದೇವರು ಹೇಳಿದ್ದು ಸರಿ ಅನ್ನಿಸದಿದ್ದರೂ ಕ್ರೈಸ್ತರು ವಿಧೇಯರಾಗಬೇಕಾ?

ಹೌದು. ಆದರೆ ಬಾಯಿ ಮುಚ್ಚಿಕೊಂಡು ಅಲ್ಲ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 5ನೇ ಅಧ್ಯಾಯ ಓದಿ. ಸೀಮೋನ ಪೇತ್ರ ಮೀನುಗಾರ. ರಾತ್ರಿಯೆಲ್ಲ ಬಲೆ ಬೀಸಿದರೂ ಏನೂ ಸಿಕ್ಕಿಲ್ಲ. ಬೆಸ್ತರು ದಡದಲ್ಲಿ ಬಲೆ ತೊಳೆಯುತ್ತಿದ್ದಾರೆ. ಆಗ ಯೇಸು, ಆಳಕ್ಕೆ ಹೋಗಿ ಬಲೆ ಹಾಕು ಅನ್ನುತ್ತಾರೆ. ಮರಗೆಲಸದವರು ಮೀನುಗಾರನಿಗೆ ಹೇಳಿಕೊಡುವುದು! ತೊಳೆದ ಬಲೆ ಮತ್ತೆ ನೀರಿಗೆ ಬಿದ್ದರೆ ಕೆಲಸವೆಲ್ಲ ಮೊದಲಿನಿಂದ, ಅಲ್ವಾ? ಪೇತ್ರ ಸುಮ್ನೆ ತಲೆಯಾಡಿಸಲಿಲ್ಲ. ರಾತ್ರಿಯೆಲ್ಲ ದುಡಿದರೂ ಏನೂ ಸಿಗಲಿಲ್ಲ ಅಂತ ನೇರವಾಗಿ ಹೇಳಿದ. ಆದರೂ ನಿಮ್ಮ ಮಾತಿನ ಮೇಲೆ ಹಾಕುತ್ತೇನೆ ಅಂದ. ನನಗೆ ತುಂಬಾ ಇಷ್ಟವಾಗುವುದು ಇದೇ. ತನ್ನ ಆಯಾಸ, ಅನುಮಾನ ಹೇಳಿಕೊಂಡೇ ಅವನು ವಿಧೇಯನಾದ.

ಬಲೆ ಹರಿಯುವಷ್ಟು ಮೀನು ಬಂತು, ನಿಜ. ಹಾಗಂತ ಇದನ್ನು ಲಾಭದ ಲೆಕ್ಕ ಮಾಡಬೇಡಿ. ಪೇತ್ರ ದೋಣಿಯನ್ನೂ ಬಿಟ್ಟು ಯೇಸುವಿನ ಹಿಂದೆ ಹೊರಟ. ಬಂಧನಕ್ಕೆ ಮುಂಚೆ ಪ್ರಾರ್ಥಿಸಿದ ಗೆತ್ಸೆಮನೆ ತೋಟದಲ್ಲಿ ಯೇಸುವೇ ತಂದೆಯಾದ ದೇವರ ಚಿತ್ತಕ್ಕೆ ಒಪ್ಪಿಕೊಂಡಾಗ ಮುಂದಿದ್ದದ್ದು ಶಿಲುಬೆ.

ಎಲ್ಲಿಂದ ಶುರುಮಾಡುವುದು ಅಂತೀರಾ? ಈಗಾಗಲೇ ಗೊತ್ತಿರುವ ಮಾತಿನಿಂದ. ನಿಮ್ಮ ಮೇಲೆ ಯಾರಿಗಾದರೂ ಬೇಸರ ಇದ್ದರೆ ದೇವರಿಗೆ ತಂದ ಕಾಣಿಕೆ ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಅನ್ನುತ್ತದೆ ಮತ್ತಾಯ 5:23-24. ಅಂಥವರು ಒಬ್ಬರು ನೆನಪಾದರೆ ಭಾನುವಾರದ ಆರಾಧನೆಗೆ ಮುಂಚೆಯೇ ಫೋನ್ ಮಾಡಿ.