ಎತ್ತರಕ್ಕೆ ಹೆದರುವ ತಾಯಿಯೊಂದಿಗೆ ಕಮಿನೀತೊ ದೆಲ್ ರೇ: ಗೈಡ್ ಬೇಕೇ, ಬೇಡವೇ?

ಬಾಗಲಕೋಟೆಯಿಂದ ತಂದೆ ತಾಯಿಯನ್ನು ಸ್ಪೇನಿಗೆ ಕರೆದೊಯ್ಯುತ್ತಿದ್ದೀರಿ. ಅಲ್ಲಿಯ ಕಮಿನೀತೊ ದೆಲ್ ರೇ, ಅಂದರೆ ಬಂಡೆಯ ಮೈಗೆ ಅಂಟಿಕೊಂಡ ಎತ್ತರದ ದಾರಿಯಲ್ಲಿ ಸಾಗುವ ಕಣಿವೆಯ ನಡಿಗೆಗೆ ಹೆಚ್ಚು ಹಣ ಕೊಟ್ಟು ಗೈಡ್ ಇರುವ ಟಿಕೆಟ್ ಕೊಳ್ಳಬೇಕೇ, ಇಲ್ಲವೇ ಎತ್ತರಕ್ಕೆ ಹೆದರುವ ತಾಯಿಯನ್ನು ಕೆಳಗೇ ಕೂರಿಸಿ ನೀವೂ ತಂದೆಯೂ ಹೋಗಿಬರಬೇಕೇ ಎಂದು ಕೇಳಿದ್ದೀರಿ. ಗೈಡ್ ಟಿಕೆಟ್ ಕೊಳ್ಳಿ. ತಾಯಿಯವರನ್ನು ಕೆಳಗೆ ಕೂರಿಸುವ ಯೋಚನೆಯನ್ನು ಬಿಡಿ, ಏಕೆಂದರೆ ನೀವು ಅಂದುಕೊಂಡಿರುವಂಥ 'ಕೆಳಗೆ' ಅಲ್ಲಿ ಇಲ್ಲ. ಹತ್ತಿದ ಕಡೆಯೇ ಇಳಿದು ಬರುವ ಜಾಗ ಅದಲ್ಲ. ಉತ್ತರದ ತುದಿಯಲ್ಲಿ ಹೊಕ್ಕವರು ಕಿಲೋಮೀಟರುಗಟ್ಟಲೆ ನಡೆದು ದಕ್ಷಿಣದ ತುದಿಯಲ್ಲಿ ಹೊರಬೀಳುತ್ತಾರೆ. ಈ ಒಂದು ಸಂಗತಿಯನ್ನು ನಾನು ಸರಿಯಾಗಿ ಓದಿಕೊಳ್ಳದೆ ಹೋದದ್ದರಿಂದ ನನ್ನ ತಂದೆಗೆ ಆ ಕಣಿವೆ ತಪ್ಪಿಹೋಯಿತು.

ನಮ್ಮದು ಗೋಕಾಕ ಫಾಲ್ಸ್. ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವ ಜಾಗದಲ್ಲೇ ಹತ್ತಿಯ ಗಿರಣಿ ಇದೆ. ಆ ನೀರಿನಿಂದ 1887ರಲ್ಲೇ ಅಲ್ಲಿ ವಿದ್ಯುತ್ ತಯಾರಾಗುತ್ತಿತ್ತು ಎಂಬುದು ನಮ್ಮೂರಿನವರಿಗೆಲ್ಲ ದೊಡ್ಡ ಹೆಮ್ಮೆ. ತಂದೆ ಅದೇ ಗಿರಣಿಯಲ್ಲಿ ನೀರಿನ ಕಡೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಕಾಲುವೆ, ತೂಬು, ಹೂಳು, ಕಸ ತಡೆಯುವ ಜಾಲರಿ, ಮಳೆಗಾಲದ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ನೀರಿನ ಮಟ್ಟ ನೋಡಿಬರುವುದು, ಇವೇ ಅವರ ಬದುಕು.

ನಾನು ಸ್ಪೇನಿನ ಮಾಲಗಾ ನಗರದಲ್ಲಿ ಕೆಲಸದಲ್ಲಿದ್ದಾಗ ಅಪ್ಪ, ಅಮ್ಮ ಬಂದಿದ್ದರು. ಮೊಬೈಲಿನಲ್ಲಿ ಈ ನಡಿಗೆಯ ಚಿತ್ರಗಳನ್ನು ತೋರಿಸಿದೆ. ನೆಟ್ಟಗೆ ನಿಂತ ಬಂಡೆ, ಅದರ ಎದೆಯ ಮಟ್ಟದಲ್ಲಿ ಒಂದೇ ಮೀಟರಿನಷ್ಟು ಅಗಲದ ಹಲಗೆಯ ದಾರಿ, ನೂರು ಮೀಟರ್ ಕೆಳಗೆ ಹಸಿರು ನದಿ. ಅಮ್ಮ ಮುಖ ತಿರುಗಿಸಿದರು. ಅಪ್ಪ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ದಾರಿಯನ್ನು ಬಿಟ್ಟು ಅದರ ಪಕ್ಕದಲ್ಲಿದ್ದ ಕಲ್ಲಿನ ಕಟ್ಟಣೆಯನ್ನೇ ನೋಡುತ್ತಾ, "ಇದು ಪವರ್ ಹೌಸಿಗೆ ಹೋಗುವ ಕಾಲುವೆ. ಈ ದಾರಿಯನ್ನು ಕಾಲುವೆ ನೋಡಿಕೊಳ್ಳುವವರಿಗಾಗಿ ಮಾಡಿದ್ದಾರೆ" ಎಂದರು.

ಅವರು ಹೇಳಿದ್ದು ಪೂರ್ತಿ ಸರಿ. ಎಲ್ ಚೊರ್ರೊ ಜಲವಿದ್ಯುತ್ ಕಂಪನಿಯ ಕೆಲಸಗಾರರು ಕಣಿವೆಯ ಎರಡು ತುದಿಗಳ ನಡುವೆ ಓಡಾಡಲು, ಸಾಮಾನು ಸಾಗಿಸಲು, ಕಾಲುವೆಯನ್ನು ಸರಿಯಾಗಿಟ್ಟುಕೊಳ್ಳಲು 1901ರಿಂದ 1905ರ ನಡುವೆ ಕಟ್ಟಿದ ದಾರಿ ಅದು. 1921ರಲ್ಲಿ ಮೇಲ್ಭಾಗದ ಅಣೆಕಟ್ಟಿನ ಉದ್ಘಾಟನೆಗೆ ಬಂದ ರಾಜ 13ನೇ ಅಲ್ಫೊನ್ಸೊ ಅದರ ಮೇಲೆ ನಡೆದನೆಂದು 'ದೆಲ್ ರೇ', ಅಂದರೆ 'ರಾಜನ' ಎಂಬ ಹೆಸರು ಅದಕ್ಕೆ ಅಂಟಿತು. ಕೆಲಸಗಾರರ ದಾರಿಗೆ ರಾಜನ ಹೆಸರು ಬಂದದ್ದು ನನಗೆ ಇಂದಿಗೂ ಸರಿ ಎನಿಸುವುದಿಲ್ಲ. ಅಂದು ಅಪ್ಪನ ಕಣ್ಣು ಹೊಳೆದದ್ದನ್ನು ನೋಡಿ ಎರಡು ಗೈಡ್ ಟಿಕೆಟ್ ಕೊಂಡೆ. ಅವರು ಊರಿಗೆ ಮರಳುವ ವಾರದ ಭಾನುವಾರಕ್ಕೆ ಮಾತ್ರ ಜಾಗ ಸಿಕ್ಕಿತು.

ಇನ್ನು ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಉದ್ದವಾದರೂ ಓದಿ, ನಿಮ್ಮ ಪ್ರಶ್ನೆಯಲ್ಲಿ ಅದೇ ತಪ್ಪಿನ ಬೀಜ ಕಾಣುತ್ತಿದೆ.

ಮಾಲಗಾದಿಂದ ಎಲ್ ಚೊರ್ರೊ ಎಂಬ ಊರಿಗೆ ರೈಲು ಇದೆ, ಮುಕ್ಕಾಲು ಗಂಟೆಯೊಳಗಿನ ಪ್ರಯಾಣ. ಕಣಿವೆಯ ಹೆಸರಾಂತ ತೂಗುಸೇತುವೆ ಆ ಊರಿನ ಕಡೆಯಿಂದಲೇ ಕಾಣುತ್ತದೆ. ಹೆಸರೂ ಅದೇ, ಸೇತುವೆಯೂ ಅಲ್ಲೇ, ರೈಲೂ ಅಲ್ಲಿಗೇ ಹೋಗುತ್ತದೆ, ಆದ್ದರಿಂದ ಬಾಗಿಲೂ ಅಲ್ಲೇ ಇರಬೇಕು ಎಂದು ನಾನು ತೀರ್ಮಾನಿಸಿಬಿಟ್ಟೆ. ನಿಜದಲ್ಲಿ ಎಲ್ ಚೊರ್ರೊ ನಡಿಗೆಯ ಕೊನೆ. ಬಾಗಿಲು ಇರುವುದು ಕಣಿವೆಯ ಆಚೆ, ಆರ್ದಾಲೆಸ್ ಕಡೆಯ ಜಲಾಶಯಗಳ ಬಳಿ. ನಡುವೆ ಬೆಟ್ಟ ಸುತ್ತಿಕೊಂಡು ಹೋಗುವ ಬಸ್ ಇದೆ, ಅದಕ್ಕೆ ಸುಮಾರು ಇಪ್ಪತ್ತು ನಿಮಿಷ ಬೇಕು. ಬಸ್ ಇಳಿದರೂ ಬಾಗಿಲು ಎದುರಿಗೆ ಇರುವುದಿಲ್ಲ. ಒಂದು ಸಣ್ಣ ಸುರಂಗವನ್ನು ದಾಟಿ ಪೈನ್ ಮರಗಳ ನಡುವೆ ಸುಮಾರು ಒಂದೂವರೆ ಕಿಲೋಮೀಟರ್ ನಡೆಯಬೇಕು. ಇನ್ನೊಂದು ದಾರಿ ಹಿಡಿದರೆ 2.7 ಕಿಲೋಮೀಟರ್.

ಟಿಕೆಟ್ ಮೇಲೆ ಅಚ್ಚಾಗಿರುವ ಸಮಯ ಈ ಬಾಗಿಲಿನ ಸಮಯ. ರೈಲು ಇಳಿಯುವ ಸಮಯವಲ್ಲ, ಬಸ್ ಹತ್ತುವ ಸಮಯವೂ ಅಲ್ಲ. ಅದಕ್ಕಿಂತ ಅರ್ಧ ಗಂಟೆ ಮೊದಲೇ ಬಂದಿರಬೇಕು ಎಂಬ ಸೂಚನೆಯೂ ಇರುತ್ತದೆ. ನಾನು ರೈಲು ನಿಲ್ದಾಣವನ್ನೇ ಬಾಗಿಲೆಂದು ತಿಳಿದು, ಅರ್ಧ ಗಂಟೆ ಮೊದಲು ಅಲ್ಲಿಗೆ ಮುಟ್ಟುವ ರೈಲನ್ನು ಆರಿಸಿದೆ. ಇಳಿದ ಮೇಲೆ ಸಮಯವಿದೆಯಲ್ಲ ಎಂದು ಕಾಫಿ ಕುಡಿದೆವು. ಅಪ್ಪ ಕೆಳಗಿನಿಂದ ಸೇತುವೆಯನ್ನು ನೋಡುತ್ತಾ ನಿಂತರು. ಬೇರೆ ಪ್ರವಾಸಿಗರೆಲ್ಲ ಬಸ್ಸಿನ ಸರದಿಯಲ್ಲಿ ನಿಂತದ್ದನ್ನು ನಾನು ಕಂಡೆ, ಅವರು ಬೇರೆಲ್ಲಿಗೋ ಹೋಗುವವರು ಎಂದುಕೊಂಡೆ. ಹೆಲ್ಮೆಟ್ ಕೊಡುವ ಜಾಗ ಎಲ್ಲಿ ಎಂದು ಒಬ್ಬರನ್ನು ಕೇಳಿದಾಗಲೇ ವಿಷಯ ತಿಳಿದದ್ದು. ಆಗ ಬಂದ ಬಸ್ಸು ತುಂಬಿತ್ತು. ಮುಂದಿನ ಬಸ್ಸು ಹತ್ತಿ, ಆ ಒಂದೂವರೆ ಕಿಲೋಮೀಟರನ್ನು ಅಪ್ಪನ ಕೈ ಹಿಡಿದು ಅವಸರದಿಂದ ನಡೆಸಿ ಮುಟ್ಟುವ ಹೊತ್ತಿಗೆ ನಮ್ಮ ಗುಂಪು ಒಳಗೆ ಹೋಗಿ ಬಹಳ ಹೊತ್ತಾಗಿತ್ತು. ಉಳಿದ ಗುಂಪುಗಳೆಲ್ಲ ಭರ್ತಿ. ಬಾಗಿಲಿನಲ್ಲಿದ್ದವರು ಒರಟಾಗಿ ನಡೆದುಕೊಳ್ಳಲಿಲ್ಲ, ಮತ್ತೊಂದು ದಿನ ಬನ್ನಿ ಎಂದರು. ಮರುದಿನ ಸೋಮವಾರ, ಸೋಮವಾರ ನಡಿಗೆ ಮುಚ್ಚಿರುತ್ತದೆ. ಮಂಗಳವಾರ ಅವರ ವಿಮಾನ.

ಅಪ್ಪ ಒಂದು ಮಾತೂ ಬೈಯಲಿಲ್ಲ. ನೀರನ್ನು ಎಲ್ಲಿ ತಿರುಗಿಸಿದ್ದಾರೆ ಎಂದು ಇಣುಕಿ ನೋಡಲು ಯತ್ನಿಸಿದರು, ಅಲ್ಲಿಂದ ಅದು ಕಾಣಲಿಲ್ಲ. ಈಗ ಅವರ ಮೊಣಕಾಲು ಆ ದೂರಕ್ಕೆ ಒಪ್ಪುವುದಿಲ್ಲ, ಅಷ್ಟು ಉದ್ದದ ವಿಮಾನಯಾನವೂ ಬೇಡ ಎಂದು ವೈದ್ಯರು ಹೇಳಿದ್ದಾರೆ. ಇದು ನನ್ನನ್ನು ಎಷ್ಟು ಕಾಡುತ್ತದೆ ಎಂಬುದಕ್ಕೆ ಈ ಉತ್ತರದ ಉದ್ದವೇ ಸಾಕ್ಷಿ.

ನಂತರದ ವಸಂತದಲ್ಲಿ ಅತ್ತೆಯವರು ಬೈಲಹೊಂಗಲದಿಂದ ಬಂದರು. ನಿಮ್ಮ ತಾಯಿಯ ಭಯದ ಬಗ್ಗೆ ನಾನು ಧೈರ್ಯವಾಗಿ ಮಾತನಾಡುವುದು ಅವರನ್ನು ನೋಡಿಯೇ. ಮನೆಯ ಮಾಳಿಗೆಯ ಅಂಚಿಗೂ ಹೋಗದವರು. ಕೇಳಿದರೆ ಬೇಡವೆನ್ನುತ್ತಾರೆ ಎಂದು ನಾನೂ ನನ್ನ ಹೆಂಡತಿಯೂ ಅವರ ಪರವಾಗಿ ನಿರ್ಧರಿಸಿಬಿಟ್ಟಿದ್ದೆವು. ಅವರೇ, "ನನ್ನನ್ನು ಕೇಳಿದಿರಾ?" ಎಂದರು. ಈ ಸಲ ಸಮಯಕ್ಕಿಂತ ಬಹಳ ಮೊದಲೇ ಉತ್ತರದ ಬಾಗಿಲು ಸೇರಿ ಗೈಡ್ ಗುಂಪಿನೊಂದಿಗೆ ಹೊಕ್ಕೆವು. ಮೊದಲ ಹಲಗೆಗಳ ಮೇಲೆ ಅವರು ಎಡಕ್ಕೂ ಬಲಕ್ಕೂ ನೋಡದೆ ನಡೆದರು. ಗೈಡ್ ಹುಡುಗಿ ಅವರನ್ನು ತನ್ನ ಹಿಂದೆಯೇ ಇಟ್ಟುಕೊಂಡು, ಬಂಡೆಯ ಮೇಲೆ ಕೈಯಿಟ್ಟು ನಡೆಯುವಂತೆ ಸನ್ನೆ ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ಅತ್ತೆ ತಾವಾಗಿಯೇ ಹೊರಬದಿಯ ತಡೆತಂತಿಯ ಕಡೆಗೆ ಬಂದು ಕೆಳಗೆ ನೋಡಿದರು.

ಹೆದರಿಕೆ ಕಡಿಮೆಯಾಗುವುದಕ್ಕೆ ಕಾರಣವಿದೆ. ಈಗಿನ ದಾರಿ 2015ರ ಮಾರ್ಚ್‌ನಲ್ಲಿ ತೆರೆದದ್ದು. ಬಂಡೆಯೊಳಕ್ಕೆ ಕೊರೆದು ಕೂರಿಸಿದ ಉಕ್ಕಿನ ಆಧಾರ, ಅದರ ಮೇಲೆ ಗಟ್ಟಿ ಮರದ ಹಲಗೆ, ಹೊರಬದಿಗೆ ಸಾಲಾಗಿ ಉಕ್ಕಿನ ತಂತಿ, ಎಲ್ಲರ ತಲೆಗೂ ಹೆಲ್ಮೆಟ್. ಅಂತರ್ಜಾಲದಲ್ಲಿ ನೀವು ನೋಡಿ ಬೆಚ್ಚಿರುವ ವಿಡಿಯೊಗಳು ಹಳೆಯ ದಾರಿಯವು, ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಂಬಿ ಮಾತ್ರ ಉಳಿದಿದ್ದ ಕಾಲದವು. 1999 ಮತ್ತು 2000ರಲ್ಲಿ ಅಲ್ಲಿ ಜನ ಬಿದ್ದು ಸತ್ತ ಮೇಲೆ ಅದನ್ನು ಮುಚ್ಚಿದರು. ಆ ಹಳೆಯ ದಾರಿಯ ಅವಶೇಷ ನಿಮ್ಮ ಕಾಲಡಿಯಲ್ಲೇ, ಹೊಸದರ ಕೆಳಗೆ ಈಗಲೂ ಜೋತಾಡುತ್ತಿದೆ. ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಒಮ್ಮೆ ತಳಮಳವಾಗುತ್ತದೆ, ನಿಜ. ಬಾದಾಮಿಯಲ್ಲಿ ವಸ್ತುಸಂಗ್ರಹಾಲಯದ ಹಿಂದಿನ ಬಂಡೆಯ ಸೀಳಿನಲ್ಲಿ ಮೆಟ್ಟಿಲು ಹತ್ತಿ ಮೇಲಿನ ಶಿವಾಲಯದವರೆಗೆ ನಿಮ್ಮ ತಾಯಿ ಹೋಗಿದ್ದಾರೆ ಎಂದು ಬರೆದಿದ್ದೀರಿ. ಅಲ್ಲಿಯ ಮೇಲಿನ ಅಂಚುಗಳಲ್ಲಿ ಎಷ್ಟೋ ಕಡೆ ಹಿಡಿಯಲು ಏನೂ ಇಲ್ಲ, ಇಲ್ಲಿ ಹಲಗೆಯ ದಾರಿಯ ಉದ್ದಕ್ಕೂ ಕೈಗೆ ಆಸರೆಯಿದೆ. ಶ್ರಮದ ದೃಷ್ಟಿಯಿಂದಲೂ ಬಹುಪಾಲು ಸಮತಟ್ಟು ಇಲ್ಲವೇ ಇಳಿಜಾರು, ಕೊನೆಯ ಭಾಗದಲ್ಲಿ ಮೆಟ್ಟಿಲುಗಳಿವೆ. ಒಟ್ಟು 7.7 ಕಿಲೋಮೀಟರಿನಲ್ಲಿ ಹಲಗೆಯ ದಾರಿ 2.9 ಕಿಲೋಮೀಟರ್ ಅಷ್ಟೆ. ವಯಸ್ಸಾದವರ ಜೊತೆ ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ತೂಗುಸೇತುವೆ ಬರುವುದು ಕೊನೆಗೆ. ಅಲ್ಲಿಂದ ಹಿಂದಿರುಗುತ್ತೇನೆ ಎಂದರೆ ಬಂದ ದಾರಿಯಲ್ಲಿ ಬಿಡುವುದಿಲ್ಲ. ಇದನ್ನು ತಾಯಿಯವರಿಗೆ ಹೊರಡುವ ಮೊದಲೇ ಹೇಳಿ, ಮುಚ್ಚಿಡಬೇಡಿ. ಅತ್ತೆಯವರು ಅದನ್ನು ದಾಟುವಾಗ ಕಣ್ಣನ್ನು ಆಚೆಯ ಬಂಡೆಯ ಮೇಲೆ ನೆಟ್ಟು, ಬಸವಣ್ಣನ ಹೆಸರು ಹೇಳುತ್ತಾ ದಾಟಿದರು.

ಹಾಗಾದರೆ ಗೈಡ್ ಏಕೆ? ಭಯವಿಲ್ಲದವರಿಗೂ ಗೈಡ್ ಬೇಕು ಎನ್ನುತ್ತೇನೆ. ಗೈಡ್ ಇಲ್ಲದೆ ಹೋದವರು ಚಿತ್ರ ತೆಗೆದುಕೊಳ್ಳುತ್ತಾ ಮುಂದಿನವರ ಬೆನ್ನ ಹಿಂದೆ ನಡೆದು ಹೊರಬಂದುಬಿಡುತ್ತಾರೆ. ನಮ್ಮ ಗೈಡ್ ಕಣಿವೆಯ ಮೊದಲ ಇಕ್ಕಟ್ಟಿನಲ್ಲೇ ನಿಲ್ಲಿಸಿ, ಸುಣ್ಣಕಲ್ಲಿನ ಪದರಗಳು ಮಲಗಿರದೆ ನೆಟ್ಟಗೆ ಎದ್ದು ನಿಂತಿರುವುದನ್ನು ತೋರಿಸಿದಳು. ಸಮುದ್ರದ ತಳದಲ್ಲಿ ಹಾಸಿದ್ದ ಪದರಗಳು ಭೂಮಿಯ ಒತ್ತಡಕ್ಕೆ ಹೊರಳಿ ನಿಂತವು, ಆಮೇಲೆ ಗ್ವಾದಲೋರ್ಸೆ ನದಿ ಅವುಗಳನ್ನು ಕೊಯ್ದುಕೊಂಡು ಹೋಯಿತು. ಬಂಡೆಯಲ್ಲಿ ಸುರುಳಿಯಾಕಾರದ ಕಡಲಜೀವಿಯ ಪಳೆಯುಳಿಕೆಯನ್ನು ಅವಳು ತೋರಿಸದಿದ್ದರೆ ನಾವು ಅದರ ಮುಂದೆಯೇ ನಡೆದುಹೋಗುತ್ತಿದ್ದೆವು. ಎರಡು ಕಣಿವೆಗಳ ನಡುವಿನ ಬಯಲಿನಲ್ಲಿ ನಮ್ಮ ಪಕ್ಕದಲ್ಲೇ ಕಾಲುವೆ ಬಂತು. ಅದರ ಇಳಿಜಾರು ಎಷ್ಟು ಕಡಿಮೆ ಎಂದರೆ ಕಣ್ಣಿಗೆ ಕಾಣುವುದೇ ಇಲ್ಲ. ನೀರನ್ನು ಎತ್ತರದಲ್ಲೇ ಹಿಡಿದುಕೊಂಡು ಕಣಿವೆಯ ಕೊನೆಯವರೆಗೆ ಒಯ್ದರೆ, ಅಲ್ಲಿ ನದಿ ಬಹಳ ಕೆಳಗಿರುತ್ತದೆ. ಆ ಎತ್ತರದ ವ್ಯತ್ಯಾಸದಿಂದ ಒಮ್ಮೆಲೇ ಕೊಳವೆಯಲ್ಲಿ ಬಿಟ್ಟ ನೀರು ಟರ್ಬೈನನ್ನು ತಿರುಗಿಸುತ್ತಿತ್ತು. ಗೋಕಾಕದಲ್ಲಿ ಜಲಪಾತ ಒಂದೇ ಜಾಗದಲ್ಲಿ ಕೊಡುವ ಎತ್ತರವನ್ನು ಇಲ್ಲಿ ಕಾಲುವೆಯಿಂದ ದುಡಿದು ಪಡೆದಿದ್ದಾರೆ. ಕೊನೆಯ ಇಕ್ಕಟ್ಟಿನಲ್ಲಿ ಕಾಲುವೆಯನ್ನು ನದಿಯ ಮೇಲಿಂದ ಆಚೆ ದಾಟಿಸಲು ಕಟ್ಟಿದ ಸೇತುವೆ ತೂಗುಸೇತುವೆಯ ಪಕ್ಕದಲ್ಲೇ ಇದೆ. ಎಲ್ಲರೂ ತೂಗುಸೇತುವೆಯ ಚಿತ್ರ ತೆಗೆಯುತ್ತಾರೆ, ನೀವು ಇದನ್ನೂ ನೋಡಿ. ಎದುರಿನ ಬಂಡೆಯಲ್ಲಿ ಸುರಂಗದಿಂದ ಸುರಂಗಕ್ಕೆ ರೈಲು ನುಗ್ಗುವುದೂ ಕಾಣುತ್ತದೆ, ಮೇಲೆ ರಣಹದ್ದುಗಳು ಸುತ್ತುತ್ತಿರುತ್ತವೆ.

ಅಂದು ಸಂಜೆ ಅಪ್ಪನಿಗೆ ವಿಡಿಯೊ ಕರೆ ಮಾಡಿದೆ. ಕಾಲುವೆಗೆ ಹೂಳು ತುಂಬಿದರೆ ಎಲ್ಲಿ ಹೊರಬಿಡುತ್ತಿದ್ದರು ಎಂದು ಕೇಳಿದರು. ಅದನ್ನು ಗೈಡ್ ಅವರಲ್ಲಿ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವರೇ ಜೊತೆಗಿದ್ದಿದ್ದರೆ ಆ ಹುಡುಗಿಯನ್ನು ಒಂದು ಗಂಟೆ ನಿಲ್ಲಿಸಿಕೊಳ್ಳುತ್ತಿದ್ದರು.

ನಾನು ಹೋದಾಗ ಸಾಮಾನ್ಯ ಟಿಕೆಟ್ 10 ಯೂರೊ, ಗೈಡ್ ಇದ್ದರೆ 18 ಯೂರೊ ಇತ್ತು. ವಿಮಾನಕ್ಕೆ ಅಷ್ಟೆಲ್ಲ ಖರ್ಚು ಮಾಡಿ ಈ 8 ಯೂರೊದಲ್ಲಿ ಲೆಕ್ಕ ಹಾಕಬೇಡಿ. ಗೈಡ್ ಇಂಗ್ಲಿಷ್‌ನಲ್ಲಿ ಮಾತನಾಡುವ ಗುಂಪನ್ನೇ ಆರಿಸಿ, ನೀವು ಹಿಂದೆ ನಿಂತು ತಂದೆ ತಾಯಿಗೆ ಕನ್ನಡದಲ್ಲಿ ಹೇಳುತ್ತಾ ಬನ್ನಿ. ಪ್ರವಾಸದ ಕೊನೆಯ ದಿನಗಳಿಗೆ ಇದನ್ನು ತಳ್ಳಬೇಡಿ, ಮೊದಲ ವಾರದಲ್ಲೇ ಇಡಿ. ಜೋರು ಗಾಳಿ ಬೀಸಿದರೆ ಅಥವಾ ಮಳೆ ಜೋರಾದರೆ ಆ ದಿನ ಬಿಡುವುದೇ ಇಲ್ಲ, ಆಗ ಇನ್ನೊಂದು ದಿನ ಕೈಯಲ್ಲಿರಬೇಕು. ವಸಂತ ಅಥವಾ ಶರತ್ಕಾಲ ಒಳ್ಳೆಯದು. ಅಲ್ಲಿಯ ಬೇಸಿಗೆಯ ಬಿಸಿಲು ನಮ್ಮ ಬಾಗಲಕೋಟೆಯವರನ್ನೂ ಸುಸ್ತು ಮಾಡುತ್ತದೆ. ನಿಮ್ಮ ಅಕ್ಕನ ಮಗನೂ ಬರುವುದಾದರೆ, ಅವನಿಗೆ ಎಂಟು ವರ್ಷ ತುಂಬಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಕರೆದೊಯ್ದು ಬಾಗಿಲಿನಲ್ಲಿ ಅಳಿಸಬೇಡಿ.

ತಾಯಿಯವರಿಗೆ ಸೀರೆ ಬೇಡ, ಸಲ್ವಾರ್ ಮತ್ತು ಹಿಡಿತವಿರುವ ಬೂಟು ಇರಲಿ. ಹೆಲ್ಮೆಟ್ ಕೂರುವಂತೆ ಕೂದಲನ್ನು ಎತ್ತರಕ್ಕೆ ಕಟ್ಟದೆ ಕೆಳಗೆ ಜಡೆ ಹಾಕಲಿ. ದೊಡ್ಡ ಚೀಲ, ಕೊಡೆ, ಸೆಲ್ಫಿ ಕೋಲು ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ, ಒಂದೆರಡು ತುಂಡು ಕರದಂಟು ಸಾಕು. ಒಳಗೆ ಶೌಚಾಲಯವಿಲ್ಲ, ಮೊದಲೇ ಮುಗಿಸಿಕೊಳ್ಳಿ. ಕಾರಿನಲ್ಲಿ ಹೋಗುವುದಾದರೆ ದಕ್ಷಿಣದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಉತ್ತರಕ್ಕೆ ಹೋಗಿ, ಆಗ ದಣಿದು ಹೊರಬಂದವರಿಗೆ ಕಾರು ಹತ್ತಿರವೇ ಸಿಗುತ್ತದೆ. ರೈಲಾದರೆ ಟಿಕೆಟ್ ಸಮಯಕ್ಕಿಂತ ಎರಡು ಗಂಟೆ ಮೊದಲು ಎಲ್ ಚೊರ್ರೊ ತಲುಪುವುದನ್ನು ಹಿಡಿಯಿರಿ. ಟಿಕೆಟ್ ಹೆಸರಿನ ಮೇಲೆ ಇರುತ್ತದೆ, ಆದ್ದರಿಂದ ತಂದೆ ತಾಯಿಯ ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆಸಿ, ಅಂದು ಪಾಸ್‌ಪೋರ್ಟುಗಳನ್ನು ಹೋಟೆಲಿನಲ್ಲಿ ಬಿಡದೆ ಜೊತೆಗೆ ಇಟ್ಟುಕೊಳ್ಳಿ. ದಿನಾಂಕ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ರೈಲಿನ ಸಮಯವನ್ನು ನಾನೂ ನೋಡಿ ಹೇಳುತ್ತೇನೆ.