ಆಟದ ಹಿಟ್ಟಿಗೆ ಉಪ್ಪು ಹಾಕಬೇಕಾ?

ಪ್ರಶ್ನೆ: ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಮಗನಿಗೆ ಎರಡೂವರೆ ವರ್ಷ. ಆಡಲಿ ಅಂತ ಗೋಧಿ ಹಿಟ್ಟು ಕಲಸಿ ಕೊಟ್ಟೆ. ಮಾರನೇ ದಿನಕ್ಕೇ ಹುಳಿ ವಾಸನೆ ಬಂತು. ಉಪ್ಪು ಜಾಸ್ತಿ ಹಾಕಿದರೆ ಕೆಡುವುದಿಲ್ಲ ಎನ್ನುತ್ತಾರೆ. ಆದರೆ ಇವನು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ‘ತಿನ್ನೋ ಹಿಟ್ಟಲ್ಲಿ ಎಂಥ ಆಟ’ ಅಂತ ಅತ್ತೆಗೂ ಬೇಸರ. ಏನು ಮಾಡಲಿ?

ಉತ್ತರ: ಉಪ್ಪಿನ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. ಸದ್ಯಕ್ಕೆ ಉಪ್ಪಿನ ಹಿಟ್ಟು ಬೇಡ.

ಒದ್ದೆ ಹಿಟ್ಟು ದೋಸೆ ಹಿಟ್ಟಿನ ಹಾಗೆ ತಾನಾಗಿಯೇ ಹುದುಗುತ್ತದೆ. ಉಪ್ಪು ಸೂಕ್ಷ್ಮಜೀವಿಗಳಿಗೆ ನೀರು ಸಿಗದಂತೆ ಮಾಡುತ್ತದೆ, ಅದಕ್ಕೇ ಹಿಟ್ಟು ವಾರಗಟ್ಟಲೆ ಉಳಿಯುತ್ತದೆ. ಆದರೆ ಎಷ್ಟು ಉಪ್ಪು ಬೇಕು ನೋಡಿ. ಎರಡು ಪಾಲು ಮೈದಾಕ್ಕೆ ಒಂದು ಪಾಲು. ಕಲಸಿದ ಮೇಲೆ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಉಪ್ಪೇ ಇರುತ್ತದೆ. ನಿಂಬೆಹಣ್ಣಿನ ಗಾತ್ರದ ಒಂದು ಉಂಡೆಯಲ್ಲಿ ಎರಡು ಟೀ ಚಮಚಕ್ಕೂ ಜಾಸ್ತಿ. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪುಟ್ಟ ಮಗು ಒಂದು ಉಂಡೆ ನುಂಗಿದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಸ್ವಲ್ಪ ನೆಕ್ಕಿದರೆ ಗಾಬರಿ ಬೇಡ, ಬಾಯಿ ತೊಳೆದು ನೀರು ಕುಡಿಸಿ. ಜಾಸ್ತಿ ನುಂಗಿದ್ದರೆ ಏನಾಗುತ್ತದೋ ಅಂತ ಕಾಯಬೇಡಿ, ವಾಂತಿ ಮಾಡಿಸಲೂ ಹೋಗಬೇಡಿ. ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ಮನೆಯಲ್ಲಿ ರಾಗಿ ಇದ್ದೇ ಇರುತ್ತದೆ ಅಲ್ವಾ? ಮುದ್ದೆಗೆ ಕಾಯಿಸುವ ಹಾಗೇ ಉಪ್ಪಿಲ್ಲದೆ ಸ್ವಲ್ಪ ಗಟ್ಟಿಯಾಗಿ ತಿರುವಿ. ಪೂರ್ತಿ ಆರಿದ ಮೇಲೆ ಕೈಗೆ ಎಣ್ಣೆ ಹಚ್ಚಿ ನಾದಿಕೊಡಿ. ರಾಗಿಯಲ್ಲಿ ಗೋಧಿಯಂಥ ಜಿಗುಟು ಅಂಶ ಇಲ್ಲ. ಹಸಿ ಹಿಟ್ಟು ಕಲಸಿದರೆ ಪುಡಿಪುಡಿಯಾಗುತ್ತದೆ, ಬೇಯಿಸಿದರೆ ಮಾತ್ರ ಹಿಡಿದುಕೊಳ್ಳುತ್ತದೆ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ಬೇಯಿಸಿದರೆ ಆ ಚಿಂತೆಯೂ ಇಲ್ಲ. ಅವತ್ತಿನದು ಅವತ್ತಿಗೇ ಮುಗಿಸಿ, ಉಳಿದದ್ದನ್ನು ಹಸುವಿಗೆ ಹಾಕಿ.

ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅನ್ನ ಚೆಲ್ಲಬಾರದು ಎಂದು ಮಗು ಕಲಿಯುವುದು ಮನೆಯಲ್ಲೇ. ಹಾಗಾಗಿ ಅವರನ್ನೇ ಆಟಕ್ಕೆ ಸೇರಿಸಿಕೊಳ್ಳಿ. ಅವರು ಚಪಾತಿ ಲಟ್ಟಿಸುವಾಗ ಪಕ್ಕದಲ್ಲಿ ಇವನಿಗೂ ಒಂದು ಉಂಡೆ ಕೊಡಲಿ, ಹಸಿ ಹಿಟ್ಟಾದ್ದರಿಂದ ಬಾಯಿಗೆ ಹೋಗದಂತೆ ಕಣ್ಣಿಡಲಿ. ತಟ್ಟುತ್ತಾನೆ, ಚಿವುಟುತ್ತಾನೆ, ಲಟ್ಟಿಸುತ್ತಾನೆ. ಮುಂದೆ ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಬೇಕಾದ ಬೆರಳಿನ ಬಲ ಹೀಗೇ ಬರುತ್ತದೆ. ಸೊಟ್ಟ ಚಪಾತಿಯನ್ನೂ ತವದ ಮೇಲೆ ಬೇಯಿಸಿ ಅವನ ತಟ್ಟೆಗೇ ಹಾಕಿ. ಆನೆ ಮಾಡು, ಹಾವು ಮಾಡು ಅಂತ ಹೇಳಬೇಡಿ. ಈ ವಯಸ್ಸಿಗೆ ಹಿಸುಕುವುದೇ ಆಟ. ದೊಡ್ಡವರು ಆನೆ ಮಾಡಿಕೊಟ್ಟರೆ ಮಗು ಸುಮ್ನೆ ನೋಡುತ್ತಾ ಕೂರುತ್ತದೆ. ನನಗೆ ಬೇಜಾರಾಗುವುದು ಅದಕ್ಕೇ.

ಬಾಯಿಗೆ ಹಾಕುವ ಅಭ್ಯಾಸ ಬಿಟ್ಟ ಮೇಲೆ, ಮೂರು ವರ್ಷ ದಾಟಿದ ಮೇಲೆ, ಉಪ್ಪಿನ ಹಿಟ್ಟು ಮಾಡಬಹುದು. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ದೊಡ್ಡ ಚಮಚ ನಿಂಬೆರಸ. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಪಾತ್ರೆ ಬಿಡುವ ತನಕ ತಿರುವಿ. ಬಣ್ಣಕ್ಕೆ ಬೀಟ್ರೂಟ್ ರಸ ಅಥವಾ ಅರಿಶಿನ ಸಾಕು. ರಂಗೋಲಿ ಪುಡಿ, ಹೋಳಿ ಬಣ್ಣ ಬೇಡವೇ ಬೇಡ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿಡಿ. ಮಳೆಗಾಲದಲ್ಲಿ ಉಪ್ಪು ತೇವ ಎಳೆದು ಅಂಟಂಟಾದರೆ ಚಿಟಿಕೆ ಮೈದಾ ಸೇರಿಸಿ ನಾದಿ. ಬೂಷ್ಟು ಕಂಡರೆ ಎಸೆಯಿರಿ. ಎಸೆಯುವಾಗ ನಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ, ಅಷ್ಟು ಉಪ್ಪು ಅದಕ್ಕೂ ವಿಷವೇ. ಬೆರಳಲ್ಲಿ ಗಾಯವಿದ್ದ ದಿನ ಈ ಹಿಟ್ಟು ಕೊಡಬೇಡಿ, ಉರಿಯುತ್ತದೆ.

ಹಿಟ್ಟೊಂದೇ ಅಲ್ಲ. ಬಚ್ಚಲಲ್ಲಿ ಜರಡಿ, ಚೊಂಬು, ಸ್ವಲ್ಪ ನೀರು ಕೊಟ್ಟರೂ ಆಟವೇ. ಅಲ್ಲಿ ಮಾತ್ರ ಒಂದು ನಿಮಿಷವೂ ಒಬ್ಬನನ್ನೇ ಬಿಡಬೇಡಿ. ಅವರೆಕಾಳು, ಹುಣಸೆಬೀಜ, ಮಣಿ ಇವೆಲ್ಲ ಈಗ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮೂಗಿಗೆ ತೂರಿಸಿಕೊಂಡ ಕಾಳು ಒದ್ದೆಯಾಗಿ ಉಬ್ಬುತ್ತದೆ. ನೀರಲ್ಲಿ ಊದಿಕೊಳ್ಳುವ ಬಣ್ಣದ ಜೆಲ್ ಮಣಿಗಳನ್ನಂತೂ ಮನೆಗೇ ತರಬೇಡಿ. ನುಂಗಿದರೆ ಕರುಳಿನಲ್ಲಿ ಊದಿ ದಾರಿ ಕಟ್ಟಬಹುದು, ಎಕ್ಸ್‌ರೇಯಲ್ಲೂ ಅವು ಸರಿಯಾಗಿ ಕಾಣುವುದಿಲ್ಲ.