ಆ ಭಾಷಣವನ್ನು ಬರೆದಿಟ್ಟವರು ಯಾರು ಎಂದು ನಾನು ಕೇಳಲಿಲ್ಲ

ವಾರಕ್ಕೊಬ್ಬ ಮಹಾವ್ಯಕ್ತಿ, ವಾರಕ್ಕೊಂದು ಮೂಲ ದಾಖಲೆ, ಒಟ್ಟು 36 ವಾರ. ಆಗಸ್ಟ್‌ನಿಂದ ಎಂಟನೇ ಗ್ರೇಡಿಗೆ ಅಮೆರಿಕದ ಇತಿಹಾಸ ಕಲಿಸಲು ನೀವು ಹಾಕಿಕೊಂಡಿರುವ ಈ ಯೋಜನೆ ಓದಿ ನನ್ನ ಎದೆ ಝಲ್ಲೆಂದಿತು. ಇದೇ ಪಟ್ಟಿಯನ್ನು ಎಂಟು ವರ್ಷದ ಹಿಂದೆ ನಾನೂ ಮಾಡಿದ್ದೆ, ಇದೇ ಒಹಾಯೊ ರಾಜ್ಯದಲ್ಲಿ, ಇದೇ ಗ್ರೇಡಿಗೆ. ಪಟ್ಟಿ ತುಂಬಲು ಹೆಸರು ಕೊಡಿ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ನನ್ನ ಒಂಬತ್ತನೇ ವಾರದ ಕಥೆ ಕೇಳಿ.

ನಾನು ಶಿಕಾರಿಪುರ ತಾಲ್ಲೂಕಿನವಳು. ಬಿ.ಎಡ್. ಮುಗಿಸಿ ಊರ ಹತ್ತಿರದ ಹೈಸ್ಕೂಲಿನಲ್ಲಿ ಆರು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮತ್ತೆ ಓದಿ, ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡು ಕ್ಲಾಸಿನೊಳಗೆ ಕಾಲಿಡುವಷ್ಟರಲ್ಲಿ ಏಳು ವರ್ಷ ಕಳೆದಿತ್ತು. ನಿಮಗೆ ಗೊತ್ತಿರುವಂತೆ ಒಹಾಯೊದ ಎಂಟನೇ ಗ್ರೇಡಿಗೆ 1492ರಿಂದ 1877ರವರೆಗಿನ ಪಾಠ. ಪಠ್ಯಪುಸ್ತಕ ಒಣಒಣ ಅನ್ನಿಸಿತು. ಮಕ್ಕಳಿಗೆ ನೇರವಾಗಿ ಆ ಕಾಲದವರ ಮಾತನ್ನೇ ಕೇಳಿಸಿದರೆ ಆಯಿತಲ್ಲ, ನಡುವೆ ಪುಸ್ತಕ ಬರೆದವರು ಯಾಕೆ ಬೇಕು ಅಂದುಕೊಂಡೆ. ನಿಮ್ಮ ಪ್ರಶ್ನೆಯಲ್ಲೂ ಹೆಚ್ಚುಕಡಿಮೆ ಇದೇ ಮಾತಿದೆ.

ಅಕ್ಟೋಬರ್ ಕೊನೆಯಲ್ಲಿ ಸೋಜರ್ನರ್ ಟ್ರೂತ್ ಸರದಿ ಬಂತು, ಗುಲಾಮಗಿರಿಯಿಂದ ಹೊರಬಂದು ಅದರ ವಿರುದ್ಧವೂ ಹೆಣ್ಣಿನ ಹಕ್ಕಿಗಾಗಿಯೂ ಮಾತಾಡಿದ ಕಪ್ಪು ಮಹಿಳೆ. (ಕಾಲಾನುಕ್ರಮದಲ್ಲಿ ಅಲ್ಲಿಗೆ ಇನ್ನೂ ಎಷ್ಟೋ ದೂರವಿತ್ತು. ವ್ಯಕ್ತಿಗಳ ಪಟ್ಟಿ ಹಿಡಿದು ಹೊರಟರೆ ಕಾಲದ ಮೇಲಿನ ಹಿಡಿತ ತಪ್ಪುತ್ತದೆ, ಇದನ್ನೂ ಗಮನದಲ್ಲಿಡಿ.) 1851ರ ಮೇ 29ರಂದು ಆಕೆ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಮಾತಾಡಿದ ಆಕ್ರನ್ ನಗರ ನಮ್ಮ ಶಾಲೆಯಿಂದ ಒಂದು ಗಂಟೆಯ ದಾರಿ. ನಮ್ಮ ರಾಜ್ಯದ ನೆಲದಲ್ಲೇ ಮೊಳಗಿದ ಮಾತು ಎಂಬ ಹಿಗ್ಗು ನನಗೆ. ಅಂತರ್ಜಾಲದಲ್ಲಿ ಸಿಕ್ಕ ಭಾಷಣವನ್ನು ಪ್ರಿಂಟ್ ತೆಗೆದೆ. ‘ನಾನು ಹೆಣ್ಣಲ್ಲವೇ?’ ಎಂದು ಮತ್ತೆ ಮತ್ತೆ ಕೇಳುವ, ಎಲ್ಲರಿಗೂ ಗೊತ್ತಿರುವ ಭಾಷಣ ಅದು. ಪದಗಳೆಲ್ಲ ದಕ್ಷಿಣದ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಆಡುಮಾತಿನ ಉಚ್ಚಾರದಲ್ಲಿ, ಅಕ್ಷರ ಮುರಿಮುರಿದು ಬರೆದದ್ದು. ಇದೇ ಅಸಲಿ, ತಿದ್ದದೆ ಉಳಿಸಿದ್ದಾರೆ ಎಂದು ಖುಷಿಪಟ್ಟೆ.

ಆಮೇಲೆ ಅದನ್ನು ಗಟ್ಟಿಯಾಗಿ ಓದಲು ಒಬ್ಬ ಹುಡುಗಿಯನ್ನು ಎಬ್ಬಿಸಿದೆ. ಕ್ಲಾಸಿನಲ್ಲಿ ಇದ್ದವರು ಇಬ್ಬರೇ ಕಪ್ಪು ಹುಡುಗಿಯರು, ಅವರಲ್ಲಿ ಅವಳೊಬ್ಬಳು. ಚೆನ್ನಾಗಿ ಓದುತ್ತಿದ್ದಳು, ಅದಕ್ಕೇ ಆರಿಸಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಆ ಮಾತು ಅವಳ ಬಾಯಲ್ಲಿ ಒಪ್ಪುತ್ತದೆ ಎಂದು ನನ್ನೊಳಗೆ ಎಲ್ಲೋ ಇತ್ತು. ಅವಳು ಎದ್ದು ನಿಂತಳು, ಎರಡು ಸಾಲು ಓದಿದಳು, ತಡವರಿಸಿದಳು. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ‘ಹೇಗಿದೆಯೋ ಹಾಗೆಯೇ ಓದಮ್ಮ, ಅದೇ ಅವರ ನಿಜವಾದ ದನಿ’ ಎಂದೆ. ಅವಳು ಓದಿ ಮುಗಿಸಿದಳು.

ಮರುದಿನ ಅವಳ ಅಜ್ಜಿಯಿಂದ ಒಂದು ಚೀಟಿ ಬಂತು. ಕೈಬರಹ, ಸಿಟ್ಟಿನ ಒಂದು ಪದವೂ ಇರಲಿಲ್ಲ. ಟ್ರೂತ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಮೊದಲು ಕಲಿತ ಭಾಷೆ ಡಚ್, ದಕ್ಷಿಣದಲ್ಲಿ ಗುಲಾಮಳಾಗಿ ಇದ್ದವರೇ ಅಲ್ಲ. ಹಾಗಿರುವಾಗ ನನ್ನ ಮೊಮ್ಮಗಳು ನಿನ್ನೆ ಯಾರ ದನಿಯಲ್ಲಿ ಓದಿದಳು ಎಂದು ಕೇಳಿದ್ದರು.

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದು ವಾರ ಹಿಡಿಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರವೆಲ್ಲ ಇದರಲ್ಲೇ ಇದೆ.

ನಾನು ಹಂಚಿದ ಪಠ್ಯವನ್ನು ಬರೆದವರು ಫ್ರಾನ್ಸಿಸ್ ಡೇನಾ ಗೇಜ್. ಆಕ್ರನ್ ಸಮಾವೇಶದ ಅಧ್ಯಕ್ಷತೆ ವಹಿಸಿದ್ದವರು ಅವರೇ, ಕಣ್ಣಾರೆ ಕಂಡವರು. ಆದರೆ ಅದನ್ನು ಪ್ರಕಟಿಸಿದ್ದು 1863ರ ಏಪ್ರಿಲ್‌ನಲ್ಲಿ, ಹೆಚ್ಚುಕಡಿಮೆ 12 ವರ್ಷದ ನಂತರ, ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ಅಂತರ್ಯುದ್ಧದ ನಡುವೆ. ಅದಕ್ಕೂ ಮೊದಲಿನ ಇನ್ನೊಂದು ವರದಿ ಇದೆ. ಮೇರಿಯಸ್ ರಾಬಿನ್ಸನ್ ಎಂಬ ಪತ್ರಿಕಾ ಸಂಪಾದಕರು ಅದೇ ಸಭೆಯಲ್ಲಿದ್ದರು. ಅವರ ‘ಆಂಟಿ ಸ್ಲೇವರಿ ಬ್ಯೂಗಲ್’ ಎಂಬ ಗುಲಾಮಗಿರಿ ವಿರೋಧಿ ಪತ್ರಿಕೆಯಲ್ಲಿ ಆ ಭಾಷಣ ಅಚ್ಚಾದದ್ದು 1851ರ ಜೂನ್ 21ರಂದು, ಭಾಷಣವಾದ 23 ದಿನಕ್ಕೆ. ಅದರಲ್ಲಿ ‘ನಾನು ಹೆಣ್ಣಲ್ಲವೇ’ ಎಂಬ ಮಾತು ಒಂದು ಸಲವೂ ಇಲ್ಲ. ಮುರುಕು ಉಚ್ಚಾರವೂ ಇಲ್ಲ. ಗೇಜ್ ಅವರ ಟ್ರೂತ್ ತಾನು 13 ಮಕ್ಕಳನ್ನು ಹೆತ್ತೆ ಎನ್ನುತ್ತಾರೆ. ಟ್ರೂತ್ ತಾವೇ ಹೇಳಿ ಬರೆಸಿ 1850ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿರುವುದು ಐದು ಮಕ್ಕಳ ಲೆಕ್ಕ.

ಎರಡರಲ್ಲೂ ಇರುವ ಮಾತುಗಳಿವೆ, ಅವು ಮಿನುಗುತ್ತವೆ. ಹೆಣ್ಣಿನ ಬುದ್ಧಿ ಒಂದು ಪಿಂಟ್, ಗಂಡಿನದು ಅದರ ಎರಡರಷ್ಟು, ಒಂದು ಕ್ವಾರ್ಟ್ ಎಂದೇ ಇಟ್ಟುಕೊಳ್ಳಿ, ಅವಳ ಪುಟ್ಟ ಪಿಂಟನ್ನು ತುಂಬಿಕೊಳ್ಳಲು ಬಿಟ್ಟರೆ ನಿಮಗೇನು ನಷ್ಟ ಎನ್ನುವ ಅರ್ಥದ ಮಾತು. ನಮ್ಮ ಕಡೆಯವರಾಗಿದ್ದರೆ ಪಾವು, ಸೇರು ಎನ್ನುತ್ತಿದ್ದರು. ಇದನ್ನು ಓದಿದಾಗ ಆ ಸಭೆಯಲ್ಲಿ ಕೂತಂತೆ ಅನ್ನಿಸುತ್ತದೆ. ನಾನು ಮಕ್ಕಳಿಗೆ ತೋರಿಸಬೇಕಿದ್ದದ್ದು ಈ ಸಾಲನ್ನು.

ನನ್ನನ್ನು ಹೆಚ್ಚು ಸುಟ್ಟದ್ದು ಬೇರೆ ಎರಡು ವಿಷಯ. ಮೊದಲನೆಯದು, ಆ ಆತ್ಮಕಥನದಲ್ಲೇ ಇರುವ ಒಂದು ಸಂಗತಿ. ಸುಮಾರು ಒಂಬತ್ತು ವರ್ಷದವಳಿದ್ದಾಗ ಆಕೆಯನ್ನು ಇಂಗ್ಲಿಷ್ ಮಾತಾಡುವ ಮನೆಗೆ ಮಾರಿದರು. ಡಚ್ ಬಿಟ್ಟು ಬೇರೆ ಗೊತ್ತಿಲ್ಲದ ಮಗು, ಹೇಳಿದ್ದು ಅರ್ಥವಾಗದೆ ತಪ್ಪು ಮಾಡಿ ಹೊಡೆತ ತಿಂದಿತು. ಭಾಷೆಗಾಗಿ ಪೆಟ್ಟು ತಿಂದ ಹೆಣ್ಣಿನ ಬಾಯಿಗೆ ಯಾರೋ ಒಂದು ಸುಳ್ಳು ಉಚ್ಚಾರವನ್ನು ತುರುಕಿದ್ದರು, ನಾನು ಅದನ್ನು ಹದಿಮೂರು ವರ್ಷದ ಇನ್ನೊಂದು ಹುಡುಗಿಯ ಬಾಯಿಗೆ ತುರುಕಿದೆ. ನನ್ನ ಇಂಗ್ಲಿಷ್ ಉಚ್ಚಾರವನ್ನು ನನ್ನ ಎದುರೇ ಅನುಕರಿಸಿ ನಕ್ಕವರನ್ನು ಈ ದೇಶದಲ್ಲಿ ಕಂಡವಳು ನಾನು. ಆ ನೋವು ಗೊತ್ತಿದ್ದೂ ಹಾಗೆ ಮಾಡಿದೆ.

ಎರಡನೆಯದು ತಾಳಗುಂದ. ಊರಲ್ಲಿ ಆರು ವರ್ಷ ಪ್ರತಿ ಡಿಸೆಂಬರ್‌ನಲ್ಲಿ ಮಕ್ಕಳನ್ನು ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದಿನ ಸ್ತಂಭ ಶಾಸನದ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಮಯೂರಶರ್ಮ ಕಂಚಿಗೆ ಓದಲು ಹೋಗಿ, ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಕಥೆ ಅದರಲ್ಲಿದೆ. ಕಥೆ ಹೇಳಿದ ಕೂಡಲೇ ನಾನು ಮಕ್ಕಳನ್ನು ಕೇಳುತ್ತಿದ್ದೆ: ಇದನ್ನು ಬರೆಸಿದ್ದು ಯಾರು? ಯಾವಾಗ? ಮಯೂರಶರ್ಮ ಹೋಗಿ ಸುಮಾರು ನೂರು ವರ್ಷವಾದ ಮೇಲೆ ಅವನದೇ ವಂಶದ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ರಚಿಸಿದ್ದು. ಹಾಗಾದರೆ ಅವನು ಮಯೂರನನ್ನು ಹೇಗೆ ತೋರಿಸಿಯಾನು? ಎಂಟನೇ ಕ್ಲಾಸಿನ ಮಕ್ಕಳು ಪಟಪಟ ಉತ್ತರ ಹೇಳುತ್ತಿದ್ದರು. ಕಲ್ಲಿನ ಮುಂದೆ ನಿಂತಾಗ ತಾನಾಗಿ ಬಾಯಿಗೆ ಬರುತ್ತಿದ್ದ ಈ ಎರಡು ಪ್ರಶ್ನೆಗಳು ಇಂಗ್ಲಿಷ್ ಕಾಗದದ ಮುಂದೆ ನನಗೆ ಹೊಳೆಯಲೇ ಇಲ್ಲ. ಇದು ಅವರ ದೇಶದ ಇತಿಹಾಸ, ಅವರೇ ಸರಿಯಾಗಿ ಜೋಡಿಸಿ ಇಟ್ಟಿರುತ್ತಾರೆ ಎಂದು ನಂಬಿಬಿಟ್ಟೆ. ನೀವೂ ಕರ್ನಾಟಕದಿಂದ ಬಂದು ಇಲ್ಲಿ ಕಲಿಸಲು ಹೊರಟವರು. ಈ ಅಂಜಿಕೆ ನಿಮಗೂ ಇರಬಹುದು, ಅದನ್ನು ಆಗಸ್ಟ್‌ಗೆ ಮುಂಚೆ ಬಿಡಿ.

ಮುಂದಿನ ವಾರ ಕ್ಲಾಸಿನ ಎದುರು ತಪ್ಪೊಪ್ಪಿಕೊಂಡೆ. ಎರಡೂ ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಪಾಠವನ್ನು ಮೊದಲಿನಿಂದ ಮಾಡಿದೆ. ಪಾಠ ಚೆನ್ನಾಗಿಯೇ ಆಯಿತು. ಆದರೆ ಆ ಹುಡುಗಿ ವರ್ಷ ಮುಗಿಯುವವರೆಗೆ ನನ್ನ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ. ನ್ಯಾಷನಲ್ ಹಿಸ್ಟರಿ ಡೇ ಸ್ಪರ್ಧೆಗೆ ನನ್ನ ಜೊತೆ ಪ್ರಾಜೆಕ್ಟ್ ಮಾಡುತ್ತೇನೆ ಎಂದಿದ್ದವಳು ಗ್ರಂಥಾಲಯದ ಶಿಕ್ಷಕಿಯ ಹತ್ತಿರ ಹೋದಳು. ಅವಳು ಮಾಡಿದ್ದು ಸರಿ.

ಈಗ ನಿಮ್ಮ ಪಟ್ಟಿಗೆ ಬರೋಣ. ಬಿಟ್ಟುಬಿಡಿ ಎನ್ನುವುದೇ ನನ್ನ ಸಲಹೆ. 36 ದಾಖಲೆ ಬೇಡ, ವರ್ಷಕ್ಕೆ ಎಂಟು ಸಾಕು. ಒಂದೊಂದಕ್ಕೂ ನಾಲ್ಕೈದು ದಿನ ಕೊಡಿ, ಉಳಿದ ಕಾಲ ಪಠ್ಯಪುಸ್ತಕ ಇರಲಿ. ಹೌದು, ನಾನು ಹಳಿದ ಅದೇ ಪುಸ್ತಕ. ಅಂತರ್ಯುದ್ಧ ಎಂದರೇನು ಎಂದು ಗೊತ್ತಿಲ್ಲದ ಮಗುವಿಗೆ 1863ರಲ್ಲಿ ಗೇಜ್ ಯಾಕೆ ಹಾಗೆ ಬರೆದರು ಎಂದು ಅರ್ಥವಾಗುವುದು ಹೇಗೆ? ಮೂಲ ದಾಖಲೆಗಳು ಪಠ್ಯಪುಸ್ತಕದ ಜಾಗ ತುಂಬುತ್ತವೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ‘ಇದು ಮೂಲ ದಾಖಲೆ, ಇದು ಅಲ್ಲ’ ಎಂದು ಕಾಗದಗಳನ್ನು ಎರಡು ರಾಶಿ ಮಾಡಲು ಹೋಗಬೇಡಿ. ಗೇಜ್ ಬರೆದದ್ದು 1851ರಲ್ಲಿ ಟ್ರೂತ್ ಏನು ಹೇಳಿದರು ಎಂಬುದಕ್ಕೆ ದುರ್ಬಲ ಸಾಕ್ಷಿ. 1863ರಲ್ಲಿ ಬಿಳಿಯ ಸುಧಾರಕಿಯೊಬ್ಬರು ಆಕೆಯನ್ನು ಹೇಗೆ ಕಾಣಲು ಬಯಸಿದರು ಎಂಬುದಕ್ಕೆ ಮೊದಲ ದರ್ಜೆಯ ಸಾಕ್ಷಿ. ಇದನ್ನು ಎಂಟನೇ ಗ್ರೇಡಿನ ಮಕ್ಕಳು ಸಲೀಸಾಗಿ ಹಿಡಿಯುತ್ತಾರೆ. ಒಂದು ವರ್ಷ ಒಬ್ಬ ಹುಡುಗ ಕೇಳಿದ: ಗೇಜ್ ಭಾಷೆಯನ್ನು ಮುರಿದರು ಎನ್ನುತ್ತೀರಿ, ರಾಬಿನ್ಸನ್ ಅದನ್ನು ನೇರ ಮಾಡಿಲ್ಲ ಎಂದು ಏನು ಗ್ಯಾರಂಟಿ? ಓದು ಬರಹ ಬಾರದ ಆಕೆಯ ಮಾತು ನಮಗೆ ಸಿಗುವುದೆಲ್ಲ ಬೇರೆಯವರ ಕೈಯಿಂದಲೇ. ಆ ದಿನ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ವ್ಯಕ್ತಿಗಳನ್ನು ಒಬ್ಬೊಬ್ಬರನ್ನೇ ಪೀಠದ ಮೇಲೆ ಕೂರಿಸಬೇಡಿ. ಜಗಳ ಆಡುತ್ತಿರುವ ಇಬ್ಬರನ್ನು ತನ್ನಿ. ನನಗೆ ಅತಿ ಹೆಚ್ಚು ಕೈಹಿಡಿದದ್ದು ಬೆಂಜಮಿನ್ ಬ್ಯಾನೆಕರ್ ಮತ್ತು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್. ಬ್ಯಾನೆಕರ್ ಮೇರಿಲ್ಯಾಂಡಿನ ಸ್ವತಂತ್ರ ಕಪ್ಪು ರೈತ, ತಾನೇ ಲೆಕ್ಕ ಹಾಕಿ ಪಂಚಾಂಗ ಸಿದ್ಧಮಾಡಿದವರು. 1791ರ ಆಗಸ್ಟ್ 19ರಂದು ಅದರ ಹಸ್ತಪ್ರತಿಯ ಜೊತೆ ಜೆಫರ್ಸನ್‌ಗೆ ಪತ್ರ ಬರೆದು, ಎಲ್ಲರೂ ಸಮಾನರು ಎಂದು ಘೋಷಿಸಿದ ನೀವೇ ನಮ್ಮ ಜನರನ್ನು ಬಂಧನದಲ್ಲಿಟ್ಟಿದ್ದೀರಿ ಎಂದು ಘೋಷಣೆಯ ಸಾಲನ್ನೇ ತಿರುಗಿಸಿ ತೋರಿಸಿದರು. ಆಗಸ್ಟ್ 30ಕ್ಕೆ ಜೆಫರ್ಸನ್ ಉತ್ತರ ಬಂತು, ವಿನಯದ ಉತ್ತರ, ಪಂಚಾಂಗವನ್ನು ಪ್ಯಾರಿಸ್ಸಿನ ವಿದ್ವಾಂಸ ಕಾಂಡೋರ್ಸೆಗೆ ಕಳಿಸಿದ್ದೇನೆ ಎಂಬ ಮಾತಿನೊಂದಿಗೆ. ಇಲ್ಲಿಗೆ ನಿಲ್ಲಿಸಿ, ಮಕ್ಕಳಿಗೆ ಜೆಫರ್ಸನ್ ಬಗ್ಗೆ ಅಭಿಪ್ರಾಯ ಬರೆಯಲು ಹೇಳಿ. ಮರುದಿನ 1809ರಲ್ಲಿ ಜೆಫರ್ಸನ್ ತಮ್ಮ ಸ್ನೇಹಿತ, ಕವಿ ಜೋಯಲ್ ಬಾರ್ಲೋಗೆ ಬರೆದ ಪತ್ರ ಕೊಡಿ. ಬ್ಯಾನೆಕರ್ ತೀರಿಕೊಂಡು ಮೂರು ವರ್ಷವಾಗಿತ್ತು. ಆತನದು ತೀರ ಸಾಧಾರಣ ಬುದ್ಧಿ ಎಂದು ಅದರಲ್ಲಿ ಬರೆದಿದ್ದಾರೆ. ಮಕ್ಕಳು ಹಿಂದಿನ ದಿನ ಬರೆದದ್ದನ್ನು ತಾವೇ ಹೊಡೆದುಹಾಕಿ ಬರೆಯುವುದನ್ನು ನೋಡಬೇಕು ನೀವು. ಮೂರೂ ಪತ್ರಗಳು ನ್ಯಾಷನಲ್ ಆರ್ಕೈವ್ಸ್‌ನ ಫೌಂಡರ್ಸ್ ಆನ್‌ಲೈನ್ ತಾಣದಲ್ಲಿ ಸಿಗುತ್ತವೆ.

ಅಬಿಗೇಲ್ ಮತ್ತು ಜಾನ್ ಆಡಮ್ಸ್ (ಮುಂದೆ ಅಮೆರಿಕದ ಅಧ್ಯಕ್ಷರಾದವರು) ದಂಪತಿ ಹೆಣ್ಣಿನ ಹಕ್ಕಿನ ಬಗ್ಗೆ ಬರೆದುಕೊಂಡ 1776ರ ಮಾರ್ಚ್ 31 ಮತ್ತು ಏಪ್ರಿಲ್ 14ರ ಪತ್ರಗಳೂ ಹಾಗೆಯೇ. ಲಿಂಕನ್ನರ ಗೆಟ್ಟಿಸ್‌ಬರ್ಗ್ ಭಾಷಣ ಮಾಡುವುದಾದರೆ ಅವರ ಕೈಬರಹದ ಐದು ಪ್ರತಿಗಳಿವೆ, ಎರಡರಲ್ಲಿ ‘ದೇವರ ಅಧೀನದಲ್ಲಿ’ ಎಂಬ ಪದ ಇಲ್ಲ. ಪ್ರತಿಗಳನ್ನು ಹೋಲಿಸುವುದೇ ಪಾಠವಾಗುತ್ತದೆ.

ಪತ್ರಿಕೆಯ ಬರಹವಾದರೆ ಟೈಪ್ ಮಾಡಿದ ಹಾಳೆ ಕೊಡಬೇಡಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕದಲ್ಲಿ ಪುಟದ ಚಿತ್ರವೇ ಇರುತ್ತದೆ, ಇಡೀ ಪುಟ ಕೊಡಿ. ಪಕ್ಕದ ಕಾಲಮ್ಮಿನಲ್ಲಿ ಏನಿದೆ ಎಂದು ಮಕ್ಕಳು ಬೆರಳಿಟ್ಟು ಓದುತ್ತಾರೆ. ಕೈಬರಹದ ಪತ್ರ ಕೊಟ್ಟರೆ ಇಲ್ಲಿಯ ಎಷ್ಟೋ ಮಕ್ಕಳಿಗೆ ಕೂಡಕ್ಷರ (ಕರ್ಸಿವ್) ಓದಲು ಬರುವುದಿಲ್ಲ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಬರೆದು ಬೆಳೆದ ನಮಗೆ ಬರುತ್ತದೆ. ಎರಡು ಪೀರಿಯಡ್ ಅದಕ್ಕೇ ಮೀಸಲಿಡಿ.

ಗುಲಾಮರ ಪಾತ್ರವನ್ನಾಗಲಿ, ಗುಲಾಮರ ಹರಾಜಿನ, ಹಡಗಿನ ದೃಶ್ಯವನ್ನಾಗಲಿ ಯಾವ ಮಗುವಿನಿಂದಲೂ ಮಾಡಿಸಬೇಡಿ. ಯಾರ ಮಾತನ್ನೂ ‘ಅವರ ದನಿಯಲ್ಲಿ’ ಓದಿಸಬೇಡಿ. ಇದರಲ್ಲಿ ಚರ್ಚೆ ಇಲ್ಲ.

ಟ್ರೂತ್ ಅವರನ್ನು ಖಂಡಿತ ಇಟ್ಟುಕೊಳ್ಳಿ. ಆದರೆ ನೀವು ಭಾಷಣದಿಂದ ಶುರು ಮಾಡಬೇಡಿ, ಕೋರ್ಟಿನಿಂದ ಶುರು ಮಾಡಿ. ಮಗ ಪೀಟರ್‌ನನ್ನು ಕಾನೂನು ಮುರಿದು ಅಲಬಾಮಾಗೆ ಮಾರಿದಾಗ ಆಕೆ ನ್ಯಾಯಾಲಯಕ್ಕೆ ಹೋಗಿ 1828ರಲ್ಲಿ ಗೆದ್ದು ಅವನನ್ನು ವಾಪಸ್ ತಂದರು. ಆಮೇಲೆ ಆಕೆಯ ಫೋಟೋ ಕಾರ್ಡುಗಳನ್ನು ತೋರಿಸಿ. 1860ರ ದಶಕದಲ್ಲಿ ತಮ್ಮ ಫೋಟೋ ತೆಗೆಸಿ, ಕಾರ್ಡು ಮಾಡಿ ಮಾರಿ ಜೀವನ ಸಾಗಿಸಿದರು. ನೆರಳನ್ನು ಮಾರಿ ಅಸಲನ್ನು ಕಾಪಾಡುತ್ತೇನೆ ಎಂಬ ಅರ್ಥದ ಒಂದು ಸಾಲು ಕಾರ್ಡಿನ ಕೆಳಗೆ ಅಚ್ಚಾಗಿದೆ. ಶಾಲು ಹೊದ್ದು, ಕೈಯಲ್ಲಿ ಹೆಣಿಗೆ ಹಿಡಿದು ನೆಟ್ಟಗೆ ಕೂತಿದ್ದಾರೆ. ಹೇಗೆ ಕಾಣಬೇಕೆಂದು ಆಕೆಯೇ ತೀರ್ಮಾನಿಸಿದ ದಾಖಲೆ ಅದು.

2024ರಲ್ಲಿ ಆಕ್ರನ್‌ನಲ್ಲಿ, ಆ ಭಾಷಣ ನಡೆದ ಚರ್ಚ್ ಇದ್ದ ಜಾಗದಲ್ಲೇ, ಆಕೆಯ ಪ್ರತಿಮೆ ಇರುವ ಸಣ್ಣ ಚೌಕ ಆಗಿದೆ. ಈಗ ಪ್ರತಿ ವರ್ಷ ಕ್ಲಾಸನ್ನು ಅಲ್ಲಿಗೆ ಕರೆದೊಯ್ಯುತ್ತೇನೆ, ತಾಳಗುಂದಕ್ಕೆ ಹೋಗುತ್ತಿದ್ದ ಹಾಗೆ. ರಾಬಿನ್ಸನ್ ವರದಿಯ ಪುಟವನ್ನು ಎಲ್ಲರಿಗೂ ಹಂಚುತ್ತೇನೆ, ಯಾರಿಗೆ ಓದಬೇಕು ಅನ್ನಿಸುತ್ತದೋ ಅವರು ತಮ್ಮದೇ ದನಿಯಲ್ಲಿ ಓದುತ್ತಾರೆ.

ಜುಲೈ ಇಡೀ ನಿಮ್ಮ ಕೈಯಲ್ಲಿದೆ. ಪಟ್ಟಿ ಮಾಡುವುದನ್ನು ನಿಲ್ಲಿಸಿ, ಬ್ಯಾನೆಕರ್ ಪತ್ರವನ್ನು ಪೆನ್ನು ಹಿಡಿದು ಎರಡು ಸಲ ನಕಲು ಮಾಡಿ. 18ನೇ ಶತಮಾನದ ಇಂಗ್ಲಿಷ್, ವಾಕ್ಯಗಳು ಉದ್ದ. ಎಲ್ಲಾದರೂ ಸಿಕ್ಕಿಕೊಂಡರೆ ಆ ಸಾಲನ್ನು ಇಲ್ಲೇ ಕೆಳಗೆ ಹಾಕಿ, ಭಾನುವಾರ ಕೂತು ಇಬ್ಬರೂ ಬಿಡಿಸೋಣ.